ನಾಯಿ ಬೆಲ್ಟು ಎಲ್ಲಿ, ಬೆಕ್ಕಿನ ಟ್ರೇ ಎಲ್ಲಿ? ಸಾಕುಪ್ರಾಣಿ ಸಾಮಾನಿಗೆ ಮನೇಲಿ ಜಾಗ ಮಾಡೋದು ಹೇಗೆ

ನಾಯಿನೋ ಬೆಕ್ಕೋ ಮನೆಗೆ ಬಂದ ಮೇಲೆ ಸಾಮಾನು ಯಾವಾಗ ಸೇರ್ಕೊಳ್ತು ಅಂತಾನೇ ಗೊತ್ತಾಗಲ್ಲ. ಸೋಫಾ ಸಂದೀಲಿ ಬ್ರಷ್ಷು, ಫ್ರಿಜ್ ಮೇಲೆ ಉಣ್ಣಿ ಔಷಧಿ, ಮಂಚದ ಕೆಳಗೆ ಅರ್ಧ ಕಚ್ಚಿರೋ ಚೆಂಡು, ವಾಕಿಂಗ್‌ಗೆ ಹೊರಟಾಗ್ಲೇ ಕಾಣೆಯಾಗೋ ಬೆಲ್ಟು. ತುಂಬಾ ಜನ ಏನ್ ಮಾಡ್ತಾರೆ ಅಂದ್ರೆ ಆನ್‌ಲೈನಲ್ಲಿ ಚೆಂದದ ಬುಟ್ಟಿ ತರಿಸಿ ಎಲ್ಲಾನೂ ಅದ್ರೊಳಗೆ ತುಂಬಿ ಪೆಟ್ ಕಾರ್ನರ್ ಅಂತ ಹೆಸರಿಡ್ತಾರೆ, ಒಂದು ವಾರ ನೋಡೋಕೆ ಚೆನ್ನಾಗಿರುತ್ತೆ, ಆಮೇಲೆ ತಳದಲ್ಲಿರೋ ಉಗುರು ಕಟರ್ ಬೇಕು ಅಂದ್ರೆ ಇಡೀ ಬುಟ್ಟಿ ಮಗುಚ್ಬೇಕು. ಅದಕ್ಕಿಂತ ಯಾವ ಕೆಲಸ ಎಲ್ಲಿ ನಡೆಯುತ್ತೋ ಅದರ ಸಾಮಾನು ಅಲ್ಲೇ ಇರ್ಲಿ. ಬೆಂಗಳೂರಿನ ಸಾಧಾರಣ ಎರಡು ರೂಮಿನ ಫ್ಲಾಟು, ಒಂದು ನಾಯಿ, ಒಂದು ಬೆಕ್ಕು, ಇಷ್ಟನ್ನ ಇಟ್ಕೊಂಡು ಹೇಳ್ತೀನಿ, ನಿಮ್ಮ ಮನೆಗೆ ತಕ್ಕಂಗೆ ಬದಲಾಯಿಸ್ಕೊಳ್ಳಿ.

1. ಮೊದಲು ಎಲ್ಲಾ ಹೊರಗೆ ಹಾಕಿ

ಒಂದು ಭಾನುವಾರ ಹಾಲಲ್ಲಿ ಹಳೇ ಬೆಡ್‌ಶೀಟ್ ಹಾಸಿ, ಮನೇಲಿರೋ ಪ್ರಾಣಿ ಸಾಮಾನೆಲ್ಲ ಅದರ ಮೇಲೆ ತಂದು ಸುರೀರಿ. ಡೇಟ್ ಮುಗಿದಿರೋ ಔಷಧಿ, ತಿಂಡಿ ಕಸಕ್ಕೆ. ರಬ್ಬರ್ ಕಿತ್ತು ಬರ್ತಿರೋ ಆಟದ ಸಾಮಾನೂ ಕಸಕ್ಕೆ, ಯಾಕಂದ್ರೆ ಆ ಚೂರು ನುಂಗಿದ್ರೆ ಕರುಳಲ್ಲಿ ಸಿಕ್ಕಾಕೊಂಡು ಆಪರೇಷನ್ ತನಕ ಹೋಗುತ್ತೆ. ಕಾಲರ್ ಹಾಕಿ ಎರಡು ಬೆರಳು ಒಳಗೆ ಹೋಗುತ್ತಾ ನೋಡಿ, ಹೋಗಲ್ಲ ಅಂದ್ರೆ ಅದು ಚಿಕ್ಕದಾಗಿದೆ. ಗಟ್ಟಿಯಾಗಿರೋ ಹಳೇ ಟವಲ್ಲು, ಚಾದರ ಇದ್ರೆ ಹತ್ತಿರದ ಪ್ರಾಣಿ ಆಶ್ರಮಕ್ಕೆ ಫೋನ್ ಮಾಡಿ ಕೇಳಿ, ಸಾಮಾನ್ಯವಾಗಿ ತಗೋತಾರೆ.

2. ಬಾಗಿಲ ಹತ್ರ

ಚಪ್ಪಲಿ ಸ್ಟ್ಯಾಂಡ್ ಮೇಲ್ಗಡೆ ಗೋಡೆಗೆ ಮೂರ್ನಾಲ್ಕು ಹುಕ್ ಹೊಡೀರಿ. ಒಂದರಲ್ಲಿ ಬೆಲ್ಟು, ಒಂದರಲ್ಲಿ ಕಕ್ಕ ಎತ್ತೋ ಕವರ್ ಇಲ್ಲಾ ಹಳೇ ಪೇಪರ್ ಇರೋ ಚೀಲ, ಒಂದರಲ್ಲಿ ಕಾಲು ಒರೆಸೋ ಟವಲ್. ಮಳೆಗಾಲದಲ್ಲಿ ಈ ಟವಲ್ ಒಳಗೆಲ್ಲೋ ಇದ್ರೆ ಅದನ್ನ ತರೋಷ್ಟ್ರಲ್ಲಿ ನಾಯಿ ಸೋಫಾ ಮೇಲಿರುತ್ತೆ. ಹುಕ್ ಮಾತ್ರ ನಾಯಿ ಬಾಯಿಗೆ ಎಟುಕದ ಎತ್ತರದಲ್ಲಿರ್ಲಿ, ಲೆದರ್ ಬೆಲ್ಟ್ ಅಂದ್ರೆ ಅದಕ್ಕೆ ತಿಂಡಿನೇ.

ಅಪಾರ್ಟ್‌ಮೆಂಟಲ್ಲಿ ಇರೋರು ವ್ಯಾಕ್ಸಿನ್ ಕಾರ್ಡಿನ ಫೋಟೋ ಮೊಬೈಲಲ್ಲೂ ಇಟ್ಕೊಂಡಿರಿ. ಪ್ರಾಣಿ ಸಾಕೋದನ್ನಾಗ್ಲಿ ಲಿಫ್ಟ್ ಬಳಸೋದನ್ನಾಗ್ಲಿ ಅಸೋಸಿಯೇಷನ್ ನಿಷೇಧ ಮಾಡೋ ಹಾಗಿಲ್ಲ ಅಂತ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಅಸೋಸಿಯೇಷನ್ ಅಂಕಲ್ ಹತ್ರ ಈ ಮಾತು ಹೇಳೋಕೆ ಮುಂಚೆ ಕೈಯಲ್ಲಿ ಕಕ್ಕದ ಕವರ್ ಇರ್ಬೇಕು ಅಷ್ಟೇ.

3. ಅಡುಗೆಮನೆ, ಊಟದ ಜಾಗ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಡ್ರೈ ಫುಡ್ ತಂದ ತಕ್ಷಣ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯೋ ಅಭ್ಯಾಸ ಎಲ್ರಿಗೂ ಇದೆ. ಸುರೀಬೇಡಿ, ಬ್ಯಾಗ್ ಸಮೇತ ಡಬ್ಬದೊಳಗೆ ಇಳಿಸಿ, ಬಾಯಿ ಮಡಚಿ ಕ್ಲಿಪ್ ಹಾಕಿ, ಮೇಲೆ ಡಬ್ಬದ ಮುಚ್ಚಳ ಗಟ್ಟಿಯಾಗಿ ಮುಚ್ಚಿ. ಆ ಕಾಳಿನ ಜಿಡ್ಡು ಡಬ್ಬದ ಗೋಡೆಗೆ ಅಂಟಿ ಕಮಟು ಹಿಡಿಯುತ್ತೆ, ಹಳೇ ಜಿಡ್ಡಿನ ಮೇಲೆ ಹೊಸದು ಸುರಿದ್ರೆ ಹೊಸದೂ ಬೇಗ ಕೆಡುತ್ತೆ. ಇನ್ನೊಂದು ಅನುಕೂಲ ಏನಂದ್ರೆ ಬ್ಯಾಗ್ ಮೇಲಿರೋ ಬ್ಯಾಚ್ ನಂಬರು, ಡೇಟು ಎಲ್ಲ ಕೈಲೇ ಇರುತ್ತೆ, ನಾಯಿಗೆ ಹೊಟ್ಟೆ ಕೆಟ್ರೆ ಡಾಕ್ಟ್ರು ಮೊದಲು ಕೇಳೋದೇ ಏನ್ ತಿನ್ಸಿದ್ರಿ ಅಂತ.

ದೊಡ್ಡ ಬ್ಯಾಗ್ ಅಗ್ಗ ಅಂತ ತರೋರು ಒಂದು ಲೆಕ್ಕ ಹಾಕಿ. ಸಣ್ಣ ನಾಯಿ ದಿನಕ್ಕೆ 150 ಗ್ರಾಂ ತಿಂದ್ರೆ 20 ಕೆಜಿ ಬ್ಯಾಗ್ ಮುಗಿಯೋಕೆ ನಾಲ್ಕು ತಿಂಗಳ ಮೇಲಾಗುತ್ತೆ, ಬಿಚ್ಚಿದ ಬ್ಯಾಗು ಆರು ವಾರದೊಳಗೆ ಖಾಲಿಯಾದ್ರೆ ಒಳ್ಳೇದು. ಚೀಲ ಯುಟಿಲಿಟೀಲಿ ಬಾಯಿ ತೆರೆದು ಇಟ್ರಂತೂ ಇಲಿಗೆ ಹಬ್ಬ, ಇಲಿ ಉಚ್ಚೆಯಿಂದ ನಾಯಿಗೂ ನಮಗೂ ಇಲಿಜ್ವರ ಬರುತ್ತೆ ಅನ್ನೋದು ನೆನಪಿರ್ಲಿ.

ಮನೇಲೇ ಅನ್ನ, ರಾಗಿ, ಚಿಕನ್ ಬೇಯಿಸಿ ಹಾಕೋರು ಅದಕ್ಕೇ ಅಂತ ಒಂದು ಪಾತ್ರೆ ಬೇರೆ ಇಡಿ. ನಮ್ಮ ಸಾರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದ್ದೇ ಇರುತ್ತೆ, ಎರಡೂ ನಾಯಿ ಬೆಕ್ಕಿನ ರಕ್ತಕ್ಕೆ ಆಗಿಬರಲ್ಲ. ಒಂದೊಂದು ಹೊತ್ತಿಗೆ ಆಗೋಷ್ಟು ಸಣ್ಣ ಡಬ್ಬಗಳಿಗೆ ಹಾಕಿ ಡೇಟ್ ಬರೆದು ಫ್ರೀಜರಲ್ಲಿಟ್ರೆ ದಿನಾ ಬೆಳಿಗ್ಗೆ ಒದ್ದಾಡೋದು ತಪ್ಪುತ್ತೆ.

ಬಟ್ಟಲು ಸ್ಟೀಲಿಂದೇ ಇರ್ಲಿ. ಇರುವೆ ಕಾಟ ಇದ್ರೆ ಅಗಲದ ತಟ್ಟೇಲಿ ನೀರು ಹಾಕಿ ಅದರ ಮಧ್ಯೆ ಬಟ್ಟಲು ಇಡಿ, ಅಜ್ಜಿ ಕಾಲದ ಉಪಾಯ, ಈಗ್ಲೂ ಇದಕ್ಕಿಂತ ಬೇರೆ ಬೇಕಿಲ್ಲ. ಬಟ್ಟಲ ಸುತ್ತ ಇರುವೆ ಚಾಕ್‌ಪೀಸ್ ಮಾತ್ರ ಎಳೀಬೇಡಿ, ಅದರಲ್ಲಿರೋ ಕೀಟನಾಶಕ ಬೆಕ್ಕಿಗೆ ವಿಷ. ಬೆಕ್ಕಿನ ಊಟ ಕಿಟಕಿ ಕಟ್ಟೆ ಮೇಲೋ ಶೆಲ್ಫ್ ಮೇಲೋ ಇಡಿ, ಕೆಳಗಿಟ್ರೆ ನಾಯಿ ತನ್ನದೂ ತಿಂದು ಅದರದ್ದೂ ತಿನ್ನುತ್ತೆ. ನೀರಿನ ಬಟ್ಟಲು ಊಟದ ಪಕ್ಕದಲ್ಲಿ ಬೇಡ, ಬೇರೆ ರೂಮಲ್ಲೊಂದು ಇಟ್ಟು ನೋಡಿ, ಎಷ್ಟೋ ಬೆಕ್ಕು ಆಗ ಜಾಸ್ತಿ ನೀರು ಕುಡಿಯುತ್ತೆ.

4. ಮಲಗೋ ಜಾಗ

ಎರಡು ಸಾವಿರ ಕೊಟ್ಟು ತಂದ ಬೆಡ್ ಬಿಟ್ಟು ನಾಯಿ ಬರೀ ನೆಲದ ಮೇಲೆ ಮಲಗುತ್ತೆ ಅಂತ ದೂರೋರು ಜಾಸ್ತಿ. ಅದು ಈಗಾಗ್ಲೇ ಎಲ್ಲಿ ಮಲಗ್ತಿದೆ ನೋಡಿ, ಅಲ್ಲೇ ಹಾಸಿ. ಮುಧೋಳದ ಥರ ಮೈಯಲ್ಲಿ ಕೊಬ್ಬಿಲ್ಲದ ಜಾತಿಗೆ ಗಟ್ಟಿ ನೆಲದಲ್ಲಿ ಮೊಣಕೈ ಚರ್ಮ ದಪ್ಪಗಾಗಿ ಗಾಯ ಆಗುತ್ತೆ, ಅದಕ್ಕೆ ದಪ್ಪ ಹಾಸಿಗೆ ಬೇಕೇ ಬೇಕು. ಅಂಗಡಿ ಬೆಡ್‌ಗಿಂತ ಎರಡು ಮಡಿಕೆ ಹಾಕಿದ ಹಳೇ ಕೌದಿ ವಾಸಿ ಅಂತ ನನ್ನ ಅಭಿಪ್ರಾಯ, ವಾರಕ್ಕೊಂದ್ಸಲ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕ್ಬಹುದು. ನಾಯಿ ಉಣ್ಣಿ ಮೈಮೇಲಿಂದ ಇಳಿದು ಗೋಡೆ ಬಿರುಕಲ್ಲಿ, ಸ್ಕರ್ಟಿಂಗ್ ಸಂದೀಲಿ ಮೊಟ್ಟೆ ಇಡುತ್ತೆ, ಒಂದೊಂದು ಹೆಣ್ಣು ಸಾವಿರಗಟ್ಟಲೆ. ಹಾಗಾಗಿ ಹಾಸಿಗೆನ ಗೋಡೆಯಿಂದ ಒಂದು ಗೇಣು ದೂರ ಎಳೆದು ಹಾಕಿ, ಸಂದಿ ಗುಡಿಸೋದೂ ಸುಲಭ.

ಬೆಕ್ಕಿಗೆ ಎತ್ತರ ಬೇಕು. ಬೀರು ಮೇಲಿನ ಸಾಮಾನು ಸರಿಸಿ ಒಂದು ಚಾಪೆ ಹಾಕಿಕೊಟ್ರೆ ಸಾಕು. ಬಾಲ್ಕನಿಗೆ ಪಾರಿವಾಳದ ಬಲೆ ಇದೆ ಅಂತ ನೆಮ್ಮದಿಯಾಗಿರ್ಬೇಡಿ, ತೆಳು ನೈಲಾನ್ ಬಲೆನ ಬೆಕ್ಕು ಕಚ್ಚಿ ತೂತು ಮಾಡುತ್ತೆ, ತಿಂಗಳಿಗೊಂದ್ಸಲ ಕೈಯಲ್ಲಿ ಎಳೆದು ನೋಡಿ. ದೀಪಾವಳಿಗೆ ರಸ್ತೆ ಕಡೆ ಇಲ್ಲದ ಒಳ ರೂಮಲ್ಲಿ ಮಂಚದ ಕೆಳಗೋ ಮೇಜಿನ ಕೆಳಗೋ ಚಾದರ ಇಳಿಬಿಟ್ಟು ಗೂಡು ಮಾಡಿ, ಅದನ್ನ ಹಬ್ಬಕ್ಕೆ ಎರಡು ವಾರ ಮುಂಚೆನೇ ಮಾಡಿದ್ರೆ ಅಭ್ಯಾಸ ಆಗಿರುತ್ತೆ.

5. ಲಿಟರ್ ಟ್ರೇ

ಲಿಟರ್ ಟ್ರೇ ಅಂದ್ರೆ ಬೆಕ್ಕು ಕಕ್ಕ ಉಚ್ಚೆ ಮಾಡೋಕೆ ಮಣ್ಣಿನಂಥ ಲಿಟರ್ ತುಂಬಿಡೋ ತಟ್ಟೆ. ಬೆಕ್ಕು ಎಷ್ಟಿದ್ಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರ್ಬೇಕು, ಟ್ರೇ ಉದ್ದ ಬೆಕ್ಕಿನ ಉದ್ದದ ಒಂದೂವರೆ ಪಟ್ಟು. ಅಂಗಡಿ ಟ್ರೇ ಚಿಕ್ಕದಾಯ್ತು ಅಂದ್ರೆ ಕಡಿಮೆ ಎತ್ತರದ ಪ್ಲಾಸ್ಟಿಕ್ ಟಬ್ ಆಗುತ್ತೆ. ಬಾತ್‌ರೂಮಲ್ಲಿ ಇಡೋದಾದ್ರೆ ಬಾಗಿಲು ಯಾವಾಗ್ಲೂ ತೆಗೆದಿರ್ಬೇಕು, ವಾಷಿಂಗ್ ಮೆಷಿನ್ ಪಕ್ಕ ಬೇಡ, ಸ್ಪಿನ್ ಶಬ್ದಕ್ಕೆ ಒಂದ್ಸಲ ಹೆದರಿದ್ರೆ ಆಮೇಲೆ ನಿಮ್ಮ ಹಾಸಿಗೆನೇ ಟ್ರೇ. ಸ್ಕೂಪು, ಕವರು, ಮುಚ್ಚಳದ ಡಬ್ಬ ಮೂರೂ ಟ್ರೇ ಪಕ್ಕದಲ್ಲೇ. ದಿನಾ ಕ್ಲೀನ್ ಮಾಡಿ, ಬೆಕ್ಕಿನ ಕಕ್ಕದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನೋ ರೋಗಾಣು ಇದ್ರೆ ಅದು ಅಂಟೋ ಸ್ಥಿತಿಗೆ ಬರೋಕೆ ಒಂದು ದಿನಾನಾದ್ರೂ ಬೇಕು. ಮನೇಲಿ ಬಸುರಿ ಇದ್ರೆ ಈ ಕೆಲಸ ಬೇರೆಯವರು ಮಾಡ್ಲಿ. ಮಣ್ಣಿನ ಲಿಟರ್ ಕಮೋಡ್‌ಗೆ ಹಾಕಿದ್ರೆ ಪೈಪ್ ಕಟ್ಕೊಳ್ಳುತ್ತೆ.

6. ಔಷಧಿ ಒಂದು ಕಡೆ, ವಿಷ ಇನ್ನೊಂದು ಕಡೆ

ಬೇರೆ ಏನೂ ಮಾಡದಿದ್ರೂ ಇದೊಂದು ಮಾಡಿ. ಎರಡು ಬಣ್ಣದ ಡಬ್ಬ ತಗೊಂಡು ನಾಯಿದು, ಬೆಕ್ಕಿಂದು ಅಂತ ದಪ್ಪಕ್ಷರದಲ್ಲಿ ಬರೀರಿ. ನಾಯಿ ಕುತ್ತಿಗೆಗೆ ಹಾಕೋ ಕೆಲವು ಉಣ್ಣಿ ಔಷಧಿಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತೆ, ಬೆಕ್ಕಿಗೆ ತಾಗಿದ್ರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ. ಜ್ವರ ಅಂತ ನಮ್ಮ ಪ್ಯಾರಾಸಿಟಮಾಲ್ ಚೂರು ಕೊಟ್ರೂ ಬೆಕ್ಕು ಉಳಿಯೋದು ಕಷ್ಟ.

ಫಿನಾಯಿಲ್ ಬೇರೆ ಸಮಸ್ಯೆ. ನೆಲ ಒರೆಸಿದ ಮೇಲೆ ಬೆಕ್ಕು ಅದರ ಮೇಲೆ ನಡೆದು ಕಾಲು ನೆಕ್ಕುತ್ತೆ, ಫೀನಾಲ್ ಇರೋ ದ್ರಾವಣನ ಅದರ ಲಿವರ್ ಸರಿಯಾಗಿ ಹೊರಹಾಕಲ್ಲ. ಮನೆಕೆಲಸಕ್ಕೆ ಬರೋ ಅಕ್ಕಂಗೂ ಇದನ್ನ ಹೇಳಿ, ಸೋಪಿನ ನೀರಲ್ಲಿ ಒರೆಸಿದ್ರೆ ಸಾಕು. ನುಸಿಗುಳಿಗೆ, ಇಲಿ ಪಾಷಾಣ, ಚಾಕೊಲೇಟು, ಒಣದ್ರಾಕ್ಷಿ ಎಲ್ಲ ಚಿಲಕ ಇರೋ ಕಪಾಟಿಗೆ. ಬಾಲ್ಕನಿ ಕುಂಡದಲ್ಲಿ ಸೈಕಾಸ್ ಅನ್ನೋ ತಾಳೆ ಥರ ಕಾಣೋ ಅಲಂಕಾರದ ಗಿಡ ಇದ್ರೆ ಯಾರಿಗಾದ್ರೂ ಕೊಟ್ಬಿಡಿ, ನಾಯಿ ಅದರ ಬೀಜ ಅಗಿದ್ರೆ ಲಿವರ್ ಹೋಗುತ್ತೆ. ಲಿಲ್ಲಿ ಹೂವು ಬೆಕ್ಕಿರೋ ಮನೆಗೆ ಬೇಡವೇ ಬೇಡ.

7. ಹೊರಡೋ ಬ್ಯಾಗು

2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಯಮಲೂರು ಕಡೆ ಮಳೆ ನೀರು ನುಗ್ಗಿದಾಗ ಜನ ನಾಯಿ ಸಮೇತ ಟ್ರ್ಯಾಕ್ಟರ್ ಹತ್ತಿ ಹೊರಬಂದಿದ್ದನ್ನ ಟಿವಿಲಿ ನೋಡಿರ್ತೀರ. ಹಳೇ ಸ್ಕೂಲ್ ಬ್ಯಾಗಲ್ಲಿ ಮೂರು ದಿನದ ಊಟ, ಬಟ್ಟಲು, ಸ್ಪೇರ್ ಬೆಲ್ಟು, ವ್ಯಾಕ್ಸಿನ್ ಕಾರ್ಡಿನ ಜೆರಾಕ್ಸು, ಒಂದು ಬೆಡ್‌ಶೀಟ್ ಹಾಕಿ ಬಾಗಿಲ ಹತ್ರದ ಕಪಾಟಲ್ಲಿಡಿ. ಬೆಕ್ಕಿನ ಕ್ಯಾರಿಯರ್ ಸಜ್ಜಾ ಮೇಲೆ ಎತ್ತಿಡ್ಬೇಡಿ, ಬಾಗಿಲು ತೆಗೆದು ಹಾಲಲ್ಲೇ ಇಡಿ, ದಿನಾ ಒಳಗೆ ಹೋಗಿ ಮಲಗೋ ಬೆಕ್ಕು ಆಸ್ಪತ್ರೆ ದಿನ ಪರಚಾಡಲ್ಲ.

ಊರಿಗೆ ಹೋದಾಗ ಪಕ್ಕದ ಮನೆ ಆಂಟಿ ನೋಡ್ಕೋತಾರೆ ಅಂದ್ರೆ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಎಷ್ಟು ಹೊತ್ತಿಗೆ ಎಷ್ಟು ಕಪ್ ಊಟ, ಯಾವ ಮಾತ್ರೆ, ಡಾಕ್ಟ್ರ ನಂಬರು, ರಾತ್ರಿ ತೆಗೆದಿರೋ ಆಸ್ಪತ್ರೆ ಯಾವುದು. ಕೆಳಗೆ ದಪ್ಪಗೆ ಇನ್ನೊಂದು ಸಾಲು ಬರೀರಿ, ಬಿಸ್ಕೆಟ್ ಕೇಳಿದ್ರೆ ಕೊಡ್ಬೇಡಿ ಆಂಟಿ, ಈಗ ತಾನೇ ತಿಂದಿದೆ.