ಬಣ್ಣದ ನೀರು ತಿಳಿಯಾಗಬೇಕೇ? ಮೊದಲು ಇದ್ದಿಲು ತೊಳೆಯಿರಿ

ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಈ ಪ್ರಯೋಗ ಇದ್ದೇ ಇರುತ್ತದೆ. ಬುಡ ಕತ್ತರಿಸಿ ತಲೆಕೆಳಗೆ ಮಾಡಿದ ಬಾಟಲಿ, ಒಳಗೆ ಹತ್ತಿ, ಮರಳು, ಇದ್ದಿಲು. ಮೇಲೆ ನೀಲಿ ನೀರು ಸುರಿದರೆ ಕೆಳಗೆ ಕಪ್ಪು ನೀರು ಬರುತ್ತದೆ. ಪಾಪ, ಮಗುವಿನ ಮುಖ ಸಪ್ಪಗಾಗುತ್ತದೆ. ಎಷ್ಟೋ ಸಲ ನೋಡಿದ್ದೇನೆ, ಹೆಚ್ಚಿನವರು ಎಡವುವುದು ಒಂದೇ ಕಡೆ, ಇದ್ದಿಲು ತೊಳೆಯುವಲ್ಲಿ.

ಒಲೆಯ ಇದ್ದಿಲು ಬೇಡ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಕ್ಟಿವೇಟೆಡ್ ಕಾರ್ಬನ್ ತನ್ನಿ, ತೆಂಗಿನ ಚಿಪ್ಪಿನದಾದರೆ ಒಳ್ಳೆಯದು. ಚಿಪ್ಪಿನ ಇದ್ದಿಲನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಯ ಹಬೆಯಲ್ಲಿ ಕಾಯಿಸಿದಾಗ ಅದರೊಳಗೆ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಒಂದೇ ಗ್ರಾಂ ಕಾರ್ಬನ್ನಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನು! ಬಣ್ಣ ಹೋಗಿ ಅಂಟಿಕೊಳ್ಳುವುದು ಆ ಗೋಡೆಗಳಿಗೆ. ಆಸಿಡ್ ಹಾಕಿ ಮನೆಯಲ್ಲೇ ಇದನ್ನು ತಯಾರಿಸುವ ವಿಡಿಯೊಗಳಿವೆ. ದಯವಿಟ್ಟು ಮಕ್ಕಳ ಕೈಯಲ್ಲಿ ಮಾಡಿಸಬೇಡಿ.

ಈಗ ತೊಳೆಯುವ ಕೆಲಸ. ಇಲ್ಲಿ ಅವಸರ ಮಾಡಿದರೆ ಎಲ್ಲ ಕೆಟ್ಟಂತೆ. ಕಾರ್ಬನ್ನನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಪುಡಿ ತೆಗೆಯಿರಿ. ಉಳಿದ ಕಾಳನ್ನು ಅಕ್ಕಿ ತೊಳೆದ ಹಾಗೆ ಏಳೆಂಟು ನೀರಿನಲ್ಲಿ ತೊಳೆಯಿರಿ, ಆದರೆ ಉಜ್ಜಬೇಡಿ. ಉಜ್ಜಿದಷ್ಟೂ ಹೊಸ ಪುಡಿ ಏಳುತ್ತದೆ. ನೀರು ತಿಳಿಯಾದ ಮೇಲೆ ಹತ್ತು ನಿಮಿಷ ಕುದಿಸಿ. ತೂತುಗಳಲ್ಲಿದ್ದ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಅದೇ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಗಾಳಿ ಕೂತ ತೂತಿಗೆ ಬಣ್ಣದ ನೀರು ನುಗ್ಗುವುದಿಲ್ಲ, ಅಲ್ವಾ?

ತುಂಬುವಾಗಲೂ ಜಾಗ್ರತೆ. ಬಾಟಲಿಯ ಬಾಯಿಗೆ ಹತ್ತಿ ಇಟ್ಟು, ಮುಚ್ಚಳದಲ್ಲಿ ಸಣ್ಣ ತೂತು ಮಾಡಿ ಹಾಕಿ. ಆ ತೂತನ್ನು ಬೆರಳಿನಿಂದ ಮುಚ್ಚಿ, ಅರ್ಧ ನೀರು ತುಂಬಿ, ಆಮೇಲೆ ಒದ್ದೆ ಕಾರ್ಬನ್ನನ್ನು ಚಮಚದಲ್ಲಿ ಹಾಕಿ. ಕಾರ್ಬನ್ನಿನ ಮೇಲೆ ಸದಾ ಎರಡು ಬೆರಳು ನೀರಿರಲಿ. ಒಮ್ಮೆ ಬರಿದಾದರೆ ಒಳಗೆ ಗಾಳಿ ಸೇರುತ್ತದೆ. ಬಣ್ಣದ ನೀರು ಸಿಕ್ಕ ಸಂದಿಯಲ್ಲಿ ಸುಮ್ನೆ ಇಳಿದುಹೋಗುತ್ತದೆ.

ನೀರಿಗೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಸಾಕು. ಇದೂ ಅಕ್ವೇರಿಯಂ ಅಂಗಡಿಯಲ್ಲೇ ಸಿಗುತ್ತದೆ. ಒಂದು ಲೀಟರಿಗೆ ಕೆಲವೇ ಹನಿ ಹಾಕಿ, ತಿಳಿ ನೀಲಿ ಬಂದರೆ ಆಯಿತು. ಹನಿ ಹನಿಯಾಗಿ ಬಿಡಿ. 200 ಮಿ.ಲೀ. ಕಾರ್ಬನ್ ಇದ್ದರೆ 200 ಮಿ.ಲೀ. ನೀರು ಇಳಿಯಲು ಕಾಲು ಗಂಟೆ ಬೇಕು. ಬೇಗ ಇಳಿದರೆ ಮುಚ್ಚಳದ ತೂತು ದೊಡ್ಡದಾಯಿತು ಎಂದೇ ಅರ್ಥ.

ಇನ್ನೊಂದು ಮಾತು. ಮೆಥಿಲೀನ್ ಬ್ಲೂ ಹತ್ತಿಗೂ ಮರಳಿಗೂ ಅಂಟುತ್ತದೆ. ಹಾಗಾಗಿ ನಾನು ಮರಳು ಹಾಕಿಸುವುದೇ ಇಲ್ಲ. ಹತ್ತಿ ಮಾತ್ರ ಇರುವ ಇನ್ನೊಂದು ಬಾಟಲಿಯನ್ನು ಪಕ್ಕದಲ್ಲೇ ಇಡಿ. ಎರಡರಿಂದಲೂ ಬಂದ ನೀರನ್ನು ಬಿಳಿ ಹಾಳೆಯ ಮುಂದೆ ಹಿಡಿದು ನೋಡಿ. ಕಾರ್ಬನ್ ನಿಜವಾಗಿ ಎಷ್ಟು ಕೆಲಸ ಮಾಡಿದೆ ಎಂದು ಆಗ ಗೊತ್ತಾಗುತ್ತದೆ.

ಕೆಳಗೆ ನೀಲಿ ಕಾಣಿಸತೊಡಗಿದರೆ ಕಾರ್ಬನ್ ತುಂಬಿತು ಎಂದರ್ಥ, ಬದಲಾಯಿಸಿ. ಹಳೆಯದನ್ನು ಕವರಿನಲ್ಲಿ ಕಟ್ಟಿಡಿ, ಚರಂಡಿಗೆ ಸುರಿಯಬೇಡಿ. ತಿಳಿಯಾದ ನೀರನ್ನು ಯಾರೂ ಕುಡಿಯುವುದು ಬೇಡ. ಬಣ್ಣ ಹೋದರೂ ಉಪ್ಪು, ರೋಗಾಣು ಅದರಲ್ಲೇ ಇರಬಹುದು.