ನಮ್ಮನೆ ಲಾಂಛನ ನಾನೇ ಮಾಡ್ಕೊಂಡಿದ್ದು

ಮನೆತನಕ್ಕೊಂದು ಲಾಂಛನ ಅಂದ ಕೂಡ್ಲೇ ನಮ್ ಕಡೆ ಎಲ್ರೂ ಹೇಳೋದು ಗಂಡಭೇರುಂಡ. ಬಳ್ಳಿಗಾವಿಲಿ 1047ರ ಭೇರುಂಡ ಕಂಬ ಇದೆ, ಕೆಳದಿ ರಾಮೇಶ್ವರ ದೇವಸ್ಥಾನದ ಛಾವಣಿಲೂ ಕೆತ್ತಿದಾರೆ, ಆಸೆ ಆಗೋದು ಸಹಜ. ಆದ್ರೆ ಅದೀಗ ರಾಜ್ಯ ಸರ್ಕಾರದ್ದು, ಸಾರನಾಥದ ಸಿಂಹಗಳನ್ನಂತೂ 2005ರ ಕಾಯ್ದೆ ಪ್ರಕಾರ ಹಂಗೆಲ್ಲ ಯಾರೂ ಹಾಕ್ಕೊಳೋ ಹಾಗಿಲ್ಲ, ಅದಕ್ಕೆ ಎರಡನ್ನೂ ಮುಟ್ಲಿಲ್ಲ.

ಅಪ್ಪಂದು ತೀರ್ಥಹಳ್ಳಿ, ಅಮ್ಮನ ತವರು ಭದ್ರಾವತಿ, ಅಲ್ಲಿ ತುಂಗೆ ಇಲ್ಲಿ ಭದ್ರೆ, ಎರಡೂ ಕೂಡ್ಲೀಲಿ ಸೇರುತ್ವೆ. ಯುರೋಪಿನ ಲಾಂಛನಗಳಲ್ಲಿ ವೈ ಆಕಾರದ ಪಟ್ಟಿ ಹಳೇ ಕಾಲದಿಂದ ಇದೆ, ಅದರ ಅಂಚನ್ನ ಅಲೆ ಅಲೆ ಮಾಡಿದ್ರೆ ಸಂಗಮನೇ ಆಯ್ತಲ್ಲ! ಅಲ್ಲಿ ಲಾಂಛನ ಬರೆಯೋದು ಶೀಲ್ಡು, ಅಂದ್ರೆ ಗುರಾಣಿ ಮೇಲೆ; ಶೀಲ್ಡಿನ ಬಲ ಅಂದ್ರೆ ಅದನ್ನ ಹಿಡಿದು ನಿಂತವನ ಬಲ, ನೋಡೋರಿಗೆ ಎಡ, ಅಪ್ಪನ ಕಡೇದು ಆ ಬದಿಗೆ ಅಂತ ತುಂಗೆನ ಅಲ್ಲಿಟ್ಟೆ. ಮೇಲಿನ ಕವಲಲ್ಲಿ ಒಂದು ಅಡಿಕೆ ಸಿಂಗಾರ, ಅಂದ್ರೆ ಅಡಿಕೆ ಹೂವಿನ ಗೊಂಚಲು. ಮತ್ತೇನೂ ಬೇಡ, ತುಂಬಿದಷ್ಟೂ ದೂರಕ್ಕೆ ಗುರುತು ಸಿಗಲ್ಲ.

ಬಣ್ಣದ ವಿಷ್ಯ ನಂಗೆ ಬಹಳ ಇಷ್ಟ ಆಗಿದ್ದು. ಯುರೋಪಿನ ಲಾಂಛನ ಪದ್ಧತೀಲಿ ಹಳದಿ ಬಿಳಿ ಎರಡನ್ನ ಚಿನ್ನ ಬೆಳ್ಳಿ ಅಂತ ಲೋಹದ ಲೆಕ್ಕಕ್ಕೆ ಹಾಕ್ತಾರೆ, ಕೆಂಪು ನೀಲಿ ಹಸಿರು ಕಪ್ಪು ನೇರಳೆ ಇವು ಬಣ್ಣ, ಬಣ್ಣದ ಮೇಲೆ ಬಣ್ಣ ಲೋಹದ ಮೇಲೆ ಲೋಹ ಇಡಬಾರ್ದು, ಇಟ್ರೆ ದೂರದಿಂದ ಕಾಣಲ್ಲ. ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿ, ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಮಳೆಗಾಲದ ಕತ್ತಲಲ್ಲೂ ಎದ್ದು ಕಾಣುತ್ತೆ. ಅದನ್ನೇ ಹಿಡ್ಕೊಂಡೆ. ಶೀಲ್ಡಿನ ನೆಲ ಕೆಂಪು, ಹೊಳೆ ನೀಲಿ ಅಲ್ಲ ಬಿಳಿ, ಸಿಂಗಾರ ಚಿನ್ನ.

ಆಮೇಲೆ ಸಾಗರದಲ್ಲಿ ಒಬ್ಬ ಗುಡಿಗಾರರ ಹತ್ರ ಮರದಲ್ಲಿ ಕೆತ್ತಿಸ್ದೆ. ಮರಕ್ಕೆ ಬಣ್ಣ ಹಚ್ಚೋದು ಬೇಡ ಅನ್ನಿಸ್ತು, ಅದಕ್ಕೂ ದಾರಿ ಇದೆ, 17ನೇ ಶತಮಾನದಿಂದ ಬಂದ ಗೆರೆ ಪದ್ಧತಿ: ಉದ್ದುದ್ದ ನಿಂತ ಗೆರೆ ಅಂದ್ರೆ ಕೆಂಪು, ಚುಕ್ಕಿ ಅಂದ್ರೆ ಚಿನ್ನ, ಖಾಲಿ ಬಿಟ್ರೆ ಬೆಳ್ಳಿ. ನೆಲಕ್ಕೆಲ್ಲ ಸಣ್ಣ ಉಳಿಲಿ ಗೆರೆ ಎಳೆದ್ರು, ಹೊಳೆನ ನುಣ್ಣಗೆ ಬಿಟ್ರು, ಸಿಂಗಾರದ ಎಸಳೆಸಳಿಗೂ ಚುಕ್ಕಿ ಕುಟ್ಟಿದ್ರು. ನಾನು ಕೊಟ್ಟ ಚಿತ್ರದಲ್ಲಿ ಸಿಂಗಾರ ನೆಟ್ಟಗಿತ್ತು, ಅವ್ರು "ಸಿಂಗಾರ ಹಿಂಗಾ ಇರೋದು ಸ್ವಾಮಿ, ಬಾಗಬೇಕು" ಅಂತ ಎರಡೂ ಕಡೆ ಇಳಿಬಿಟ್ರು. ಲಾಂಛನಕ್ಕೆ ಮಾತಲ್ಲಿ ಬರೆದ ವಿವರಣೆನೇ ಮೂಲ, ಚಿತ್ರ ಬರೆಯೋರು ಅವರವರ ಕೈಗೆ ಬಂದ ಹಾಗೆ ಬರೀಬಹುದು, ನನ್ ವಿವರಣೆಲಿ ಸಿಂಗಾರ ಅಂತಷ್ಟೇ ಇದ್ದಿದ್ರಿಂದ ಅವರದ್ದನ್ನೇ ಇಟ್ಕೊಂಡೆ.