ಮಡಿಕೇರಿ ಮಳೆಯಲ್ಲಿ ಮೆಂಬ್ರೇನ್ ಅಳತೆ: ನನ್ನ ಅನುಭವ

ಲಕ್ಷಗಟ್ಟಲೆ ಬೆಲೆಯ ಇಂಪೀಡೆನ್ಸ್ ಅನಲೈಸರ್ (ಏಸಿ ಸಿಗ್ನಲ್ ಕೊಟ್ಟು ರೋಧ ಅಳೆಯುವ ಯಂತ್ರ) ಇಲ್ಲದೆ, ಹೈಡ್ರೋಜನ್‌ನಿಂದ ಕರೆಂಟು ಮಾಡುವ ಫ್ಯೂಯೆಲ್ ಸೆಲ್‌ನ ಮೆಂಬ್ರೇನ್, ಅಂದರೆ ಪ್ರೋಟಾನ್ ದಾಟಿಸುವ ತೆಳು ಹಾಳೆಯ ವಾಹಕತೆ ಅಳೆಯೋಕೆ ಆಗಲ್ಲ, ಅದೂ ಮಡಿಕೇರಿಯ ಜುಲೈನಲ್ಲಿ ಅಂತೂ ಸುಮ್ನೆ ಬಿಡು ಎಂದು ಬೆಂಗಳೂರಿನ ಗೆಳೆಯರು ನಕ್ಕಿದ್ದರು. ನೀರಲ್ಲಿ ನೆನೆದ ನೇಫಿಯಾನ್ 117 ಎಂಬ ಮೆಂಬ್ರೇನಿಗೆ ಈಗ ನನಗೆ ವಾಹಕತೆ ಸೆಂಟಿಮೀಟರಿಗೆ 0.09 ಸೀಮೆನ್ಸ್ ಆಸುಪಾಸು ಬರುತ್ತಿದೆ. ಎಲ್ಲರೂ ಹೇಳುವುದು 0.1ರ ಹತ್ತಿರ. ಸಾಕಲ್ವಾ?

ಮೊದಲು ಎರಡು ತಟ್ಟೆಗಳ ನಡುವೆ ಒತ್ತಿ, ದಪ್ಪದ ದಿಕ್ಕಿನಲ್ಲೇ ಅಳೆದೆ. 117ರ ದಪ್ಪ 183 ಮೈಕ್ರಾನ್, ಒಂದು ಚದರ ಸೆಂಟಿಮೀಟರ್ ತುಂಡಿಗೆ ರೋಧ 0.2 ಓಮ್ ಚಿಲ್ಲರೆ. ನನ್ನ ಕ್ಲಿಪ್ಪು, ವೈರುಗಳದ್ದೇ ಅದಕ್ಕಿಂತ ಜಾಸ್ತಿ! ಮೆಂಬ್ರೇನ್ ಬದಲಿಸಿದರೂ ಮೀಟರ್ ಹೆಚ್ಚುಕಮ್ಮಿ ಅದೇ ಅಂಕಿ ತೋರಿಸುತ್ತಿತ್ತು. ಆಮೇಲೆ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ ಅಡ್ಡಲಾಗಿ ನಾಲ್ಕು ತಂತಿ ಇಟ್ಟೆ. ಹೊರಗಿನ ಎರಡಕ್ಕೆ ಕರೆಂಟು, ಒಳಗಿನ ಎರಡರಲ್ಲಿ ವೋಲ್ಟೇಜು. ಒಳಗಿನ ತಂತಿಗಳ ನಡುವೆ ಒಂದು ಸೆಂಟಿಮೀಟರ್ ಬಿಟ್ಟರೆ ರೋಧ 500 ಓಮ್ ದಾಟುತ್ತದೆ. ಅದನ್ನು ಒಳ್ಳೆ ಮಲ್ಟಿಮೀಟರೇ ಹಿಡಿಯುತ್ತದೆ. ಸಾವಿರ ಹರ್ಟ್ಸ್ ಸಿಗ್ನಲ್ಲು, ಸರಣಿಯಲ್ಲಿ ಒಂದು ಕಿಲೋಓಮ್ ರೆಸಿಸ್ಟರು, ಅದರ ಮೇಲಿನ ಮತ್ತು ಒಳಗಿನ ತಂತಿಗಳ ನಡುವಿನ ವೋಲ್ಟೇಜುಗಳ ಅನುಪಾತ. ಅಷ್ಟೇ.

ಸ್ಟೀಲ್ ತಂತಿ ಮಾತ್ರ ಬೇಡವೇ ಬೇಡ. ಕಬ್ಬಿಣ ಬಿಟ್ಟುಕೊಂಡು ಪ್ರೋಟಾನಿನ ಜಾಗ ಹಿಡಿದುಬಿಡುತ್ತದೆ, ರೋಧ ದಿನದಿನಕ್ಕೂ ಏರುತ್ತದೆ. ಪ್ಲಾಟಿನಂಗೆ ಸುಮಾರು ಮೂರು ಸಾವಿರ ಕೊಟ್ಟೆ, ಮನೆಯಲ್ಲಿ ಬೆಳ್ಳಿ ಎಂದು ಹೇಳಿದ್ದೇನೆ. ಅಕ್ರಿಲಿಕ್ ಹಲಗೆ, ಸ್ಕ್ರೂ, ಸರ್ಕ್ಯೂಟು ಎಲ್ಲ ಸೇರಿಸಿದರೂ ಅಷ್ಟಾಗಲಿಲ್ಲ. ಸ್ಕ್ರೂ ಎಷ್ಟು ಬಿಗಿ ಮಾಡಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಆದರೆ ಇನ್ವರ್ಟರಿನ ಗಲಾಟೆಗೆ ಅಂಕಿಗಳು ಕುಣಿಯುತ್ತಿದ್ದವು. ಸಿಗ್ನಲ್ ಸರ್ಕ್ಯೂಟನ್ನು ಬ್ಯಾಟರಿಗೆ ಹಾಕಿದ ಮೇಲೆ ಸುಮ್ಮನಾದವು.

ನಡುವೆ ಒಂದು ಕುತೂಹಲ: ಪಟ್ಟಿಯನ್ನು ರಾತ್ರಿಯಿಡೀ ನಲ್ಲಿ ನೀರಲ್ಲಿ ಬಿಟ್ಟು ನೋಡಿದೆ. ಸ್ಟೀಲಿನ ಕಬ್ಬಿಣದ ಹಾಗೆಯೇ ನೀರಿನ ಲವಣಗಳು ಪ್ರೋಟಾನಿನ ಜಾಗ ಹಿಡಿದು ರೋಧ ಏರಿತು. ಅರ್ಧ ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಬಿಸಿ ಮಾಡಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದರೆ ಹೆಚ್ಚುಕಮ್ಮಿ ವಾಪಸ್ ಬಂತು.

ಇನ್ನು ತೇವಾಂಶ. ಮೆಂಬ್ರೇನ್ ಒಣಗಿದಷ್ಟೂ ರೋಧ ಏರುತ್ತದೆ, ಅದನ್ನೂ ಅಳೆಯಬೇಕಿತ್ತು. ಕೋಣೆಯಲ್ಲಿ ಶೇ. 90ರ ಮೇಲೆಯೇ ಇರುವಾಗ ಕಡಿಮೆ ತೇವಕ್ಕೆ ಎಲ್ಲಿ ಹೋಗೋದು? ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಉಪ್ಪಿನ ಗಟ್ಟಿ ದ್ರಾವಣ ಇಟ್ಟೆ, ತಳದಲ್ಲಿ ಕರಗದ ಉಪ್ಪು ಉಳಿಯುವಷ್ಟು. ಒಂದೊಂದು ಉಪ್ಪೂ ಡಬ್ಬಿಯೊಳಗಿನ ತೇವಾಂಶವನ್ನು ಒಂದೊಂದು ಮಟ್ಟದಲ್ಲಿ ಹಿಡಿದಿಡುತ್ತದೆ: ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33, ಅಡುಗೆ ಉಪ್ಪಿಗೆ 75, ಪೊಟ್ಯಾಸಿಯಂ ಸಲ್ಫೇಟ್‌ಗೆ 97. ಮುಚ್ಚಳ ತೆಗೆದರೆ ಮುಗಿಯಿತು, ಮಳೆಗಾಳಿ ಒಳಗೆ. ಅದಕ್ಕೆ ವೈರುಗಳನ್ನು ಮುಚ್ಚಳದ ತೂತಿನಿಂದ ಹೊರತೆಗೆದು ಎಂ-ಸೀಲ್ ಮೆತ್ತಿ, ಒಂದು ರಾತ್ರಿ ಬಿಟ್ಟು ಅಳೆಯುತ್ತೇನೆ. 33ರ ಡಬ್ಬಿಯಲ್ಲಿ ರೋಧ, ನೆನೆದದ್ದಕ್ಕಿಂತ ಹತ್ತು ಪಟ್ಟಿನ ಹತ್ತಿರ ಹೋಯಿತು. ಬೆಂಗಳೂರಿನವರಿಗೆ ಆ ಅಂಕಿ ಕಳಿಸಿದ್ದೇನೆ, ಈಗ ಡಬ್ಬಿಯ ಫೋಟೋ ಕೇಳುತ್ತಿದ್ದಾರೆ.